ಮುಖ ಆಮೇಲೆ ನೋಡು

ಪ್ರೀತಿಯ ಪುಟ್ಟಿ,

ಲಂಡನ್ನಿಗೆ ಹೋಗಿ ಹಳೇ ಅಚ್ಚುಚಿತ್ರಗಳ ಬಗ್ಗೆ ಓದುತ್ತೀಯ ಅಂತ ಕೇಳಿ ಖುಷಿಯಾಯಿತು. ಕುದುರೆ ಮೇಲೆ ಕೂತ ರಾಜನ ಚಿತ್ರ ಸಿಕ್ಕರೆ ಮೊದಲು ಮುಖ ನೋಡಬೇಡ. ಮುಖ ಬಿಟ್ಟು ಉಳಿದದ್ದೆಲ್ಲ ನೋಡು.

1633ರಲ್ಲಿ ವಾನ್ ಡೈಕ್ ಎಂಬ ಚಿತ್ರಕಾರ ಇಂಗ್ಲೆಂಡಿನ ದೊರೆ ಒಂದನೇ ಚಾರ್ಲ್ಸನನ್ನು ಬಿಳಿ ಕುದುರೆ ಮೇಲೆ ಕೂರಿಸಿ ಬರೆದ. ಸುಮಾರು 12 ಅಡಿ ಎತ್ತರದ ಚಿತ್ರ. ಚಾರ್ಲ್ಸ್ ಗಿಡ್ಡ ಆಳು, ಆದರೆ ಇಲ್ಲಿ ನಾವೇ ಕತ್ತೆತ್ತಿ ಅವನನ್ನು ನೋಡಬೇಕು. ಕೈಯಲ್ಲಿ ದಂಡ, ಮೈಗೆ ಉಕ್ಕಿನ ಕವಚ, ಕೂತಿರುವುದು ಮಾತ್ರ ನಿರಾಳವಾಗಿ. ಅಂಥ ಪ್ರಾಣಿಯನ್ನು ಒದ್ದಾಡದೆ ನಡೆಸುವವನು ರಾಜ್ಯವನ್ನೂ ನಡೆಸಬಲ್ಲ ಎಂದು ಆ ಕಾಲದವರು ನಂಬಿದ್ದರು. ಆದರೆ ಅರಮನೆಯೊಳಗಿನ ಚಿತ್ರವನ್ನು ಎಷ್ಟು ಜನ ನೋಡಿಯಾರು? ಆ ಗತ್ತನ್ನು ಬೀದಿಗೆ ತಂದದ್ದು ತಾಮ್ರದ ತಗಡು: ಅದರ ಮೇಲೆ ಗೆರೆ ಕೆತ್ತಿ, ಮಸಿ ತುಂಬಿ, ಕಾಗದಕ್ಕೆ ಪ್ರತಿ ಮೇಲೆ ಪ್ರತಿ ಅಚ್ಚೊತ್ತುತ್ತಿದ್ದರು.

1649ರಲ್ಲಿ ಚಾರ್ಲ್ಸನ ತಲೆ ಕಡಿದರು. ಕೆಲವೇ ವರ್ಷಗಳಲ್ಲಿ ಫ್ರೆಂಚ್ ಕೆತ್ತನೆಗಾರ ಪಿಯೆರ್ ಲೊಂಬಾರ್ ವಾನ್ ಡೈಕ್‌ನ ಅದೇ ಭಂಗಿ ತಗೊಂಡು ಒಂದು ತಗಡು ಕೆತ್ತಿದ. ಅದರ ಒಂದು ಪ್ರತಿಯಲ್ಲಿ ಸವಾರ ಆಲಿವರ್ ಕ್ರಾಮ್‌ವೆಲ್, ರಾಜನ ವಿರುದ್ಧ ಯುದ್ಧ ಗೆದ್ದು ಆಮೇಲೆ ಇಂಗ್ಲೆಂಡನ್ನು ಆಳಿದವನು. ಇನ್ನೊಂದರಲ್ಲಿ ಚಾರ್ಲ್ಸ್. ಮತ್ತೊಂದರಲ್ಲಿ ತಲೆಯೇ ಇಲ್ಲ! ರಾಜನನ್ನು ಮುಗಿಸಿದವನಿಗೂ ರಾಜನ ಕುದುರೆಯೇ ಬೇಕಾಯಿತು, ನೋಡು.

ಇದು ಹೇಗಾಯಿತು ಅಂದರೆ, ತಾಮ್ರ ಮೆತ್ತಗಿನ ಲೋಹ. ಬೇಡದ ಗೆರೆಗಳನ್ನು ಹೆರೆದು, ಹಿಂದಿನಿಂದ ಬಡಿದು ಮಟ್ಟ ಮಾಡಿ, ಹೊಸದಾಗಿ ಕೆತ್ತಬಹುದು. ಕುದುರೆ, ಕವಚ ಕೆತ್ತಲು ಬಹಳ ದುಡಿಮೆ ಬೇಕು, ತಲೆ ಅದರ ಮುಂದೆ ಚಿಕ್ಕ ಕೆಲಸ. ಕಾಲ ಬದಲಾದಾಗ ತಗಡನ್ನು ಸುಮ್ನೆ ಎಸೆಯುವ ವ್ಯಾಪಾರಿ ಯಾರು?

ಇದಕ್ಕೂ ಮುಂಚೆ, 1508ರಲ್ಲಿ, ಜರ್ಮನಿಯ ಔಗ್ಸ್‌ಬರ್ಗ್ ಊರಿನ ಕಲಾವಿದ ಹಾನ್ಸ್ ಬುರ್ಗ್ಕ್‌ಮೈರ್ ಅಲ್ಲಿನ ದೊರೆ ಮ್ಯಾಕ್ಸಿಮಿಲಿಯನ್‌ನನ್ನು ಕುದುರೆ ಮೇಲೆ ಕೂರಿಸಿ ಮರದಚ್ಚು ಮಾಡಿದ್ದ. ಅದೇ ವರ್ಷ ಆತ ಚಕ್ರವರ್ತಿ ಪದವಿ ಧರಿಸಿದ್ದು. ಕೆಲವು ಪ್ರತಿಗಳಿಗೆ ಚಿನ್ನ, ಬೆಳ್ಳಿಯ ಬಣ್ಣವೂ ಉಂಟು. ನನಗೇನೋ ಲೊಂಬಾರ್‌ನ ತಗಡೇ ಜಾಸ್ತಿ ಇಷ್ಟ, ಅದು ಗುಟ್ಟು ಬಿಟ್ಟುಕೊಡುತ್ತದೆ ಅಲ್ವಾ.

ಬ್ರಿಟಿಷ್ ಮ್ಯೂಸಿಯಂನಲ್ಲಿ ಆ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಕೇಳು. ಕುತ್ತಿಗೆಯ ಸುತ್ತ ಗೆರೆಗಳು ಹೇಗೆ ಸೇರಿವೆ ಗಮನಿಸು, ಕೆಳಗಿನ ಬರಹವನ್ನೂ ಓದು. ಮೊದಲೇ ಅಪಾಯಿಂಟ್‌ಮೆಂಟ್ ತಗೋ. ಪೆನ್ಸಿಲ್ ಮರೆಯಬೇಡ, ಅಲ್ಲಿ ಪೆನ್ನು ಬಳಸಲು ಬಿಡುವುದಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ