ಮುಂದಿನ ಚರ್ಚೆಗೆ ಮುನ್ನ: ಕೆಲಸಗಾರರನ್ನು ಕೇಳಿಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ. ಅಜೈಲ್ ಮ್ಯಾನುಫ್ಯಾಕ್ಚರಿಂಗ್ ಎಂಬ ಮಾತು ಹೆಚ್ಚು ಬಳಕೆಗೆ ಬಂದದ್ದು 1991ರಲ್ಲಿ, ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ಅಯಕೋಕಾ ಸಂಸ್ಥೆಯ ವರದಿಯಿಂದ. ಆರ್ಡರ್ ದಿಢೀರ್ ಬದಲಾದರೂ ಕಾರ್ಖಾನೆ ತಡವರಿಸಬಾರದು, ವಿಷಯ ಇಷ್ಟೇ. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕೇ ಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಸಣ್ಣ ಘಟಕಗಳಲ್ಲಿ ಸೆಟಪ್ ಬದಲಿಸುವಾಗಲೇ, ಅಂದರೆ ಒಂದು ವಸ್ತು ಮುಗಿದು ಇನ್ನೊಂದಕ್ಕೆ ಮಷೀನ್ ಸಜ್ಜು ಮಾಡುವಾಗಲೇ, ಎಷ್ಟೋ ಹೊತ್ತು ಹೋಗುತ್ತದೆ. ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಅದನ್ನು 10 ನಿಮಿಷದೊಳಗೆ ಮುಗಿಸುವ ದಾರಿ ತೋರಿಸಿದರು. ಮುಂದಿನ ಡೈ (ವಸ್ತುವಿಗೆ ಆಕಾರ ಕೊಡುವ ಅಚ್ಚು), ಬೋಲ್ಟ್, ಸ್ಪ್ಯಾನರ್ ಎಲ್ಲವನ್ನೂ ಮಷೀನ್ ಓಡುತ್ತಿರುವಾಗಲೇ ತಂದಿಟ್ಟುಕೊಳ್ಳಬೇಕು. ನಿಲ್ಲಿಸಿದ ಮೇಲೆ ಹುಡುಕಾಟ ಇರಬಾರದು. ಹೊತ್ತು ಎಲ್ಲಿ ಹಾಳಾಗುತ್ತದೆ ಅಂತ ಆಪರೇಟರ್‌ಗೆ ಚೆನ್ನಾಗಿ ಗೊತ್ತಿರುತ್ತದೆ. ಕೇಳುವವರು ಇರುವುದಿಲ್ಲ, ಅಷ್ಟೇ.

ಸುಮ್ನೆ ಸಲಹೆ ಪೆಟ್ಟಿಗೆ ಇಟ್ಟರೆ ಸಾಲದು. ಬಂದ ಸಲಹೆಗೆ ವಾರದೊಳಗೆ ಉತ್ತರ ಕೊಡಿ. ಬೇಡ ಅನ್ನುವುದಾದರೆ ಕಾರಣವನ್ನೂ ಹೇಳಿ. ಉತ್ತರ ಸಿಗದವರು ಮತ್ತೆ ಬಾಯಿ ಬಿಡುವುದಿಲ್ಲ. ಸಮಯ ಉಳಿಸಿದ್ದಕ್ಕೆ ಯಾರ ಕೆಲಸವೂ ಹೋಗುವುದಿಲ್ಲ ಎಂದು ಮೊದಲೇ ಮಾತು ಕೊಡಿ (ಕೊಟ್ಟ ಮೇಲೆ ಉಳಿಸಿಕೊಳ್ಳಿ!).

ನಿಮ್ಮಲ್ಲಿ ಒಬ್ಬರಿಗೆ ಮಾತ್ರ ಓಡಿಸಲು ಬರುವ ಮಷೀನ್‌ಗಳು ಯಾವುವು? ಆ ಒಬ್ಬರು ರಜೆ ಹಾಕಿದರೆ ಆರ್ಡರ್ ನಿಲ್ಲುತ್ತದೆ, ಅಲ್ವಾ? ಅಂಥ ಮಷೀನ್‌ಗಳ ಪಟ್ಟಿ ಮಾಡಿಕೊಂಡು ಬನ್ನಿ. ಯಾರಿಗೆ ಯಾವ ಕೆಲಸ ಕಲಿಸಬೇಕು ಅನ್ನುವುದನ್ನು ಅಲ್ಲಿಂದಲೇ ಶುರು ಮಾಡೋಣ.