ಕೊಂಡು ಮಾರುವವರ ಐಎಸ್‌ಒ ಸರ್ಟಿಫಿಕೇಟ್: ಟೆಂಡರ್ ಕರೆಯುವವರು ಓದಿ ನೋಡಲಿ

ಸಂಪಾದಕರೇ,

ಸರ್ಕಾರಿ ಇಲಾಖೆಗಳು, ನಿಗಮಗಳು, ದೊಡ್ಡ ಕಾರ್ಖಾನೆಗಳು ಕರೆಯುವ ಬಹಳಷ್ಟು ಟೆಂಡರ್‌ಗಳಲ್ಲಿ ‘ಐಎಸ್‌ಒ 9001 ಸರ್ಟಿಫಿಕೇಟ್ ಇರಬೇಕು’ ಎಂಬ ಷರತ್ತು ಇರುತ್ತದೆ. ಸಂಸ್ಥೆ ಗುಣಮಟ್ಟ ಕಾಯಲು ಒಂದು ಕ್ರಮದಲ್ಲಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಸಿಗುವ ಸರ್ಟಿಫಿಕೇಟ್ ಅದು. ಸರಕು ತಯಾರಿಸುವವರಿಗೂ ಅದೇ ಷರತ್ತು, ಬೇರೆಯವರಿಂದ ಕೊಂಡು ಮಾರುವ ಡೀಲರ್‌ಗಳಿಗೂ ಅದೇ. ಷರತ್ತು ಒಳ್ಳೆಯದೇ. ಆದರೆ ಆ ಸರ್ಟಿಫಿಕೇಟಿನ ಜೆರಾಕ್ಸ್ ಫೈಲಿಗೆ ಸೇರಿದ ಮೇಲೆ ಅದರಲ್ಲಿ ಏನು ಬರೆದಿದೆ ಅಂತ ಓದುವವರು ತೀರಾ ಕಡಿಮೆ. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಖರೀದಿ ಮತ್ತು ಸ್ಟೋರ್ಸ್ ನೋಡಿಕೊಳ್ಳುವ ನನಗೆ ಇದರ ಫಲ ಆಗಾಗ ಕಣ್ಣಿಗೆ ಬೀಳುತ್ತದೆ.

ಈಚೆಗೆ ಡೀಲರ್ ಒಬ್ಬರಿಂದ ಎಂ16, ಅಂದರೆ 16 ಮಿಲಿಮೀಟರ್ ದಪ್ಪದ ಬೋಲ್ಟ್‌ಗಳು ಬಂದವು. ಬಿಲ್ಲಿನಲ್ಲಿ 8.8 ಗ್ರೇಡ್ ಅಂತ ಇತ್ತು, ಬೋಲ್ಟಿನ ತಲೆಯ ಮೇಲೂ 8.8 ಅಂತ ಅಚ್ಚಾಗಿತ್ತು. ಅದರ ಪಕ್ಕದಲ್ಲಿ ಇರಬೇಕಾದ ತಯಾರಕರ ಗುರುತು ಮಾತ್ರ ಇರಲಿಲ್ಲ. 8.8 ಅಂದರೆ ಸುಮ್ನೆ ಒಂದು ನಂಬರ್ ಅಲ್ಲ. ಮೊದಲ ಅಂಕಿ 8, ಬೋಲ್ಟ್ 800 ಮೆಗಾಪಾಸ್ಕಲ್ (ಒತ್ತಡದ ಅಳತೆ) ಎಳೆತ ತಾಳಬೇಕು ಅಂತ ಹೇಳುತ್ತದೆ. ಚುಕ್ಕೆಯ ನಂತರದ 8, ಅದರ ಶೇ 80ರವರೆಗೆ, ಅಂದರೆ 640ರವರೆಗೆ, ಬೋಲ್ಟ್ ಹಿಗ್ಗಿ ಹಾಗೇ ಉಳಿದುಬಿಡಬಾರದು ಅಂತ ಹೇಳುತ್ತದೆ. 5 ಮಿಲಿಮೀಟರ್ ಮತ್ತು ಅದಕ್ಕಿಂತ ದಪ್ಪದ ಷಟ್ಕೋನ ತಲೆಯ ಬೋಲ್ಟ್‌ಗಳ ಮೇಲೆ ಗ್ರೇಡ್ ಮತ್ತು ತಯಾರಕರ ಗುರುತು ಎರಡೂ ಇರಲೇಬೇಕು ಎನ್ನುತ್ತದೆ ಬೋಲ್ಟ್‌ಗಳ ಅಂತಾರಾಷ್ಟ್ರೀಯ ಮಾನದಂಡವಾದ ಐಎಸ್‌ಒ 898-1. ಬೇರೆಯವರಿಂದ ಮಾಡಿಸಿ ತನ್ನ ಗುರುತು ಹಾಕಿಸಿ ಮಾರುವ ಡೀಲರ್ ಇದ್ದರೆ, ಆ ಗುರುತನ್ನೇ ತಯಾರಕರ ಗುರುತು ಅಂತ ಹಿಡಿಯಬೇಕು ಅಂತಲೂ ಅದರಲ್ಲಿದೆ. ಅಂದರೆ ಯಾರಾದರೂ ಒಬ್ಬರು ತಮ್ಮ ಹೆಸರು ಹಾಕಿ ಜವಾಬ್ದಾರಿ ಹೊರಲೇಬೇಕು.

ಟಿಸಿ, ಅಂದರೆ ಟೆಸ್ಟ್ ಸರ್ಟಿಫಿಕೇಟ್ ಕೊಡಿ ಅಂತ ಕೇಳಿದೆವು. ಬಂದದ್ದು ಡೀಲರ್‌ನ ಲೆಟರ್‌ಹೆಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿದ ಹಾಳೆ. ಉಕ್ಕು ಯಾವ ಸಲದ ಕರಗಿಸುವಿಕೆಯದು ಅಂತ ಹೇಳುವ ಹೀಟ್ ನಂಬರ್ ಇಲ್ಲ, ತಯಾರಕರ ಹೆಸರಿಲ್ಲ. ಫೋನ್ ಮಾಡಿದರೆ, “ಸಾರ್, ನಾವು ಮಾಡೋರಲ್ಲ, ಮಾರೋರು. ಬಂದ ಮಾಲು ಹಾಗೇ ಕೊಡ್ತೀವಿ. ನಮ್ಮ ಐಎಸ್‌ಒ ಸರ್ಟಿಫಿಕೇಟ್ ಬೇಕಾದ್ರೆ ಕಳಿಸ್ತೀವಿ” ಅಂದರು. ಮಾಲು ವಾಪಸ್ ಕಳಿಸಿದೆವು. ಆದರೆ ಅದೇ ಬೋಲ್ಟ್ ಇನ್ನೊಬ್ಬರ ಕಾರ್ಖಾನೆಗೋ, ಯಾವುದೋ ಶೆಡ್ಡಿನ ಕಂಬಕ್ಕೋ ಹೋಗಿರಬಹುದು ಅನ್ನುವ ಚಿಂತೆ ನನಗೆ ಹೋಗಿಲ್ಲ.

‘ನಾವು ಬರೀ ಮಾರೋರು’ ಎಂಬ ಮಾತನ್ನು ಆ ಸರ್ಟಿಫಿಕೇಟೇ ಒಪ್ಪುವುದಿಲ್ಲ. ಐಎಸ್‌ಒ 9001ರ 2015ರ ಆವೃತ್ತಿಯಲ್ಲಿ 8.4ನೇ ವಿಭಾಗ ಇರುವುದೇ ಹೊರಗಿನಿಂದ ತರುವ ಸರಕಿಗಾಗಿ. ಸಪ್ಲೈಯರ್‌ಗಳನ್ನು ಯಾವ ಆಧಾರದ ಮೇಲೆ ಆರಿಸಿದಿರಿ, ಅವರ ಕೆಲಸವನ್ನು ಹೇಗೆ ಗಮನಿಸುತ್ತೀರಿ, ಮತ್ತೆ ಯಾವಾಗ ಪರಿಶೀಲಿಸುತ್ತೀರಿ ಎಂಬುದಕ್ಕೆ ದಾಖಲೆ ಇರಬೇಕು. ಆರ್ಡರ್‌ನಲ್ಲಿ ಏನು ಬೇಕೆಂದು ಸ್ಪಷ್ಟವಾಗಿ ಹೇಳಿರಬೇಕು. ಬಂದ ಮಾಲು ಕೇಳಿದ ಹಾಗಿದೆಯಾ ಅಂತ ತಾಳೆ ನೋಡಬೇಕು. ಮಾಲು ಡೀಲರ್‌ನ ಗೋಡೌನ್‌ಗೆ ಬಾರದೆ ತಯಾರಕರಿಂದ ನೇರ ಗ್ರಾಹಕರಿಗೆ ಹೋದರೂ ಈ ಹೊಣೆ ತಪ್ಪುವುದಿಲ್ಲ. ತಾವು ವಿನ್ಯಾಸ ಮಾಡುವುದಿಲ್ಲ ಅಂತ ಕಾರಣ ಕೊಟ್ಟು ವಿನ್ಯಾಸದ ವಿಭಾಗವನ್ನು ಡೀಲರ್ ಬಿಡಬಹುದು. ಖರೀದಿಯ ವಿಭಾಗವನ್ನು ಬಿಡಲು ದಾರಿಯೇ ಇಲ್ಲ, ಯಾಕೆಂದರೆ ಅವರ ಕಸುಬೇ ಖರೀದಿ.

ತಪ್ಪು ಜಾಸ್ತಿ ಆಗುವ ಜಾಗ ಗೋಡೌನ್. ತಯಾರಕರಿಂದ ಬರುವಾಗ ಪೆಟ್ಟಿಗೆ ಮೇಲೆ ಬ್ಯಾಚ್ ನಂಬರ್ ಇರುತ್ತದೆ, ಟಿಸಿ ಜೊತೆಗಿರುತ್ತದೆ. ಇಲ್ಲಿ ಪೆಟ್ಟಿಗೆ ಒಡೆದು ಡಬ್ಬಕ್ಕೆ ಸುರಿಯುತ್ತಾರೆ. ಮುಂದಿನ ಲೋಡ್ ಬಂದಾಗ ಅದೂ ಅದೇ ಡಬ್ಬಕ್ಕೆ. ಅಲ್ಲಿಗೆ ಯಾವ ಬೋಲ್ಟ್ ಯಾವ ಉಕ್ಕಿನದು ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಎಷ್ಟೇ ಚಂದದ ಟಿಸಿ ತೋರಿಸಿದರೂ ಅದು ಈ ಬೋಲ್ಟಿನದೇ ಅನ್ನಲು ಆಧಾರವಿಲ್ಲ. ವೆಲ್ಡಿಂಗ್ ರಾಡ್‌ಗಳ ಕಥೆಯೂ ಇಂಥದ್ದೇ. ಇ7018 ಥರದ ರಾಡ್‌ಗಳ ಲೇಪ ತೇವ ಹೀರಿದರೆ ಬೆಸುಗೆಯೊಳಗೆ ಹೈಡ್ರೋಜನ್ ಸೇರಿ ಬಿರುಕು ಬಿಡಬಹುದು. ತಯಾರಕರು ಸರಿಯಾಗೇ ಮಾಡಿದ ರಾಡ್ ಡೀಲರ್‌ನ ಸೋರುವ ಗೋಡೌನ್‌ನಲ್ಲಿ ಒಂದು ಮಳೆಗಾಲ ಕಳೆದರೆ ಕೆಡುತ್ತದೆ. ಸರಕನ್ನು ಕೆಡದಂತೆ ಇಡುವುದು, ಎಲ್ಲಿಂದ ಬಂತೆಂದು ಪತ್ತೆ ಹಚ್ಚುವಂತಿರುವುದು, ಎರಡೂ ಐಎಸ್‌ಒ 9001ರಲ್ಲಿ ಬರುತ್ತವೆ.

ಟಿಸಿಯನ್ನು ಹೊಸದಾಗಿ ಟೈಪ್ ಮಾಡಿ ಕೊಡುವ ಅಭ್ಯಾಸವಂತೂ ನಿಲ್ಲಲೇಬೇಕು. ಲೋಹದ ಸರಕಿನ ತಪಾಸಣಾ ಪತ್ರಗಳಿಗೆ ಇಲ್ಲೂ ಬಳಕೆಯಲ್ಲಿರುವ ಯುರೋಪಿನ ಇಎನ್ 10204 ಪ್ರಕಾರ, ಮಧ್ಯವರ್ತಿ ತಯಾರಕರ ಮೂಲ ಪತ್ರವನ್ನೋ ಅದರ ನಕಲನ್ನೋ ಒಂದಕ್ಷರವೂ ಬದಲಿಸದೆ ದಾಟಿಸಬೇಕು. ಸರಕಿಗೂ ಪತ್ರಕ್ಕೂ ನಂಟು ತೋರಿಸುವ ಗುರುತೂ ಜೊತೆಗಿರಬೇಕು. ಅಮೆರಿಕದಲ್ಲಿ 1980ರ ದಶಕದಲ್ಲಿ ಕೆಳದರ್ಜೆಯ ಬೋಲ್ಟ್‌ಗಳ ಮೇಲೆ ಮೇಲ್ದರ್ಜೆಯ ಗುರುತು ಹಾಕಿ ಮಾರಿದ್ದು ಬಯಲಾಗಿ, 1990ರಲ್ಲಿ ಬೋಲ್ಟ್-ನಟ್‌ಗಳ ಗುಣಮಟ್ಟಕ್ಕೆಂದೇ ಕಾಯ್ದೆ ತರಬೇಕಾಯಿತು. ಇದು ಸಣ್ಣ ವಿಷಯ ಅನ್ನುವವರು ಅದನ್ನು ನೆನಪಿಡಬೇಕು.

ಇನ್ನೊಂದು ಗೊಂದಲವೂ ಇದೆ. ಐಎಸ್‌ಒ 9001 ಸಿಗುವುದು ಸಂಸ್ಥೆ ಕೆಲಸ ಮಾಡುವ ಕ್ರಮಕ್ಕೆ. ಅದನ್ನು ಸರಕಿನ ಮೇಲೆ ಮುದ್ರೆಯ ಹಾಗೆ ಹಾಕುವಂತಿಲ್ಲ. ಸರಕಿಗೆ ಬೇಕಾದದ್ದು ಐಎಸ್‌ಐ ಗುರುತು ಮತ್ತು ಅದರ ಕೆಳಗಿನ ಸಿಎಂ/ಎಲ್ ನಂಬರ್, ಅಂದರೆ ಲೈಸೆನ್ಸ್ ನಂಬರ್. ಆ ನಂಬರ್ ಅಸಲಿಯಾ ಅಂತ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಬಿಐಎಸ್ ಕೇರ್ ಆ್ಯಪ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಐಎಸ್‌ಐ ಗುರುತು ಕಡ್ಡಾಯವಾಗಿರುವ ಸರಕನ್ನು ಗುರುತಿಲ್ಲದೆ ತಯಾರಿಸುವುದಷ್ಟೇ ಅಲ್ಲ, ಮಾರುವುದು, ಮಾರಲೆಂದು ಇಟ್ಟುಕೊಳ್ಳುವುದು ಕೂಡ 2016ರ ಬಿಐಎಸ್ ಕಾಯ್ದೆಯಲ್ಲಿ ಅಪರಾಧ. ತಯಾರಕರು ಯಾರೆಂದೇ ಗೊತ್ತಾಗದಿದ್ದರೆ ಮಾರಿದವರೇ ಹೊಣೆ ಹೊರಬೇಕಾಗುತ್ತದೆ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ. ಆದರೆ ಆ ರಕ್ಷಣೆ ಮುಖ್ಯವಾಗಿ ಸ್ವಂತ ಬಳಕೆಗೆ ಕೊಳ್ಳುವವರಿಗೆ. ವ್ಯಾಪಾರಕ್ಕೆ ಕೊಳ್ಳುವ ನಮ್ಮಂಥ ಕಾರ್ಖಾನೆಗಳಿಗೆ ಅದು ಸುಲಭಕ್ಕೆ ಸಿಗದು. ಹಾಗಾಗಿ ನಮಗೆ ಆಸರೆ ಖರೀದಿಯ ಷರತ್ತುಗಳೇ.

ಡೀಲರ್‌ಗಳೆಲ್ಲ ಹೀಗೆ ಅಂತ ನಾನು ಹೇಳುತ್ತಿಲ್ಲ. ಪೆಟ್ಟಿಗೆ ಪೆಟ್ಟಿಗೆಗೂ ಚೀಟಿ ಅಂಟಿಸಿ, ಹೀಟ್ ನಂಬರ್ ಬರೆದು, ಕೇಳುವ ಮೊದಲೇ ಟಿಸಿ ಕಳಿಸುವವರು ನಮಗೆ ಮಾಲು ಕೊಡುತ್ತಿದ್ದಾರೆ. ಇದಕ್ಕೆ ದೊಡ್ಡ ಲ್ಯಾಬ್ ಏನೂ ಬೇಕಿಲ್ಲ. ಅಳತೆಗೆ ಕ್ಯಾಲಿಬ್ರೇಟ್ ಮಾಡಿಸಿದ ಒಂದು ವರ್ನಿಯರ್, ಒಂದು ರಿಜಿಸ್ಟರ್, ಬ್ಯಾಚ್‌ಗಳನ್ನು ಬೇರೆ ಬೇರೆ ಇಡಲು ರ್‍ಯಾಕ್, ಅನುಮಾನ ಬಂದಾಗ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿಗೆ ಸ್ಯಾಂಪಲ್ ಕಳಿಸುವ ಅಭ್ಯಾಸ ಸಾಕು. ಇಷ್ಟಕ್ಕೂ ಸ್ವಲ್ಪ ಖರ್ಚಿದೆ. ಆ ಖರ್ಚು ಮಾಡಿದವರ ಬೆಲೆ ಒಂದೆರಡು ರೂಪಾಯಿ ಜಾಸ್ತಿ ಆಗುತ್ತದೆ, ಟೆಂಡರ್ ಕೈತಪ್ಪುತ್ತದೆ. ಜೆರಾಕ್ಸ್ ಮಾತ್ರ ಇಟ್ಟವರು ಗೆಲ್ಲುತ್ತಾರೆ. ಪ್ರಾಮಾಣಿಕರಿಗೆ ಇದಕ್ಕಿಂತ ಅನ್ಯಾಯ ಬೇರೆ ಬೇಕಾ?

ಹಾಗಾಗಿ ಟೆಂಡರ್ ಕರೆಯುವ ಅಧಿಕಾರಿಗಳಲ್ಲಿ ನನ್ನ ಬೇಡಿಕೆ ಇಷ್ಟು. ಸರ್ಟಿಫಿಕೇಟಿನಲ್ಲಿ ‘ಸ್ಕೋಪ್’ ಎಂಬ ಸಾಲನ್ನು ಓದಿ. ನೀವು ಕೊಳ್ಳುತ್ತಿರುವ ಸರಕಿನ ವ್ಯಾಪಾರ ಅದರಲ್ಲಿ ಇದೆಯಾ ನೋಡಿ. ಐಎಸ್‌ಒ ಸಂಸ್ಥೆ ತಾನೇ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಕೊಟ್ಟ ಏಜೆನ್ಸಿಗೆ ನಮ್ಮ ದೇಶದ ಎನ್‌ಎಬಿಸಿಬಿ ಅಥವಾ ಅಂಥದ್ದೇ ಮಾನ್ಯತಾ ಮಂಡಳಿಯ ಮಾನ್ಯತೆ ಇದೆಯಾ ಅಂತ ಪರೀಕ್ಷಿಸಿ. ಮಾನ್ಯತೆ ಇದ್ದ ಸರ್ಟಿಫಿಕೇಟಿಗೆ ಮೂರು ವರ್ಷದ ಅವಧಿ, ನಡುವೆ ಪ್ರತಿ ವರ್ಷ ಆಡಿಟ್ ಇರುತ್ತದೆ. ಕಳೆದ ಆಡಿಟ್ ಆಗಿದೆಯಾ ಅಂತ ಆ ಏಜೆನ್ಸಿಯನ್ನೇ ಕೇಳಿ. ಪ್ರತಿ ಲಾಟ್ ಜೊತೆ ತಯಾರಕರ ಮೂಲ ಟಿಸಿ ಬರಬೇಕು, ಅದರ ನಂಬರ್ ಪೆಟ್ಟಿಗೆಯ ಮೇಲಿನ ನಂಬರ್‌ಗೆ ತಾಳೆಯಾಗಬೇಕು, ಇಲ್ಲದಿದ್ದರೆ ಮಾಲು ಇಳಿಸಿಕೊಳ್ಳುವುದಿಲ್ಲ ಅಂತ ಷರತ್ತಿನಲ್ಲೇ ಬರೆಯಿರಿ. ರಾಜ್ಯ ಸರ್ಕಾರ ಇದನ್ನು ತನ್ನ ಎಲ್ಲ ಇಲಾಖೆಗಳ ಮಾದರಿ ಟೆಂಡರ್ ಪತ್ರಕ್ಕೆ ಸೇರಿಸಬೇಕು.

ಇತಿ,
ಖರೀದಿ ಮತ್ತು ಸ್ಟೋರ್ಸ್ ವಿಭಾಗದ ಉದ್ಯೋಗಿ,
ಪೀಣ್ಯ, ಬೆಂಗಳೂರು