ಸೂತ್ರ ಆಮೇಲೆ ಕೊಡಿ, ಮೊದ್ಲು ಪ್ರಶ್ನೆ ಕೇಳಿ

ಮಾನ್ಯ ಸಂಪಾದಕರೇ,

ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಗುರುತ್ವಾಕರ್ಷಣೆ, ಚಲನೆ ಬಗ್ಗೆ ಪಾಠ ಶುರು ಮಾಡಿರೋದು ಒಳ್ಳೇ ಕೆಲ್ಸ. ಆದ್ರೆ ಮೊದಲನೇ ಕಂತಲ್ಲೇ ಮೂರು ಸೂತ್ರ ಕೊಟ್ಟು ಲೆಕ್ಕ ಬಿಡಿಸಿ ಅಂದ್ಬಿಟ್ರೆ ಮಕ್ಳು ಬೆಲೆ ಹಾಕಿ ಉತ್ತರ ತೆಗೀತಾರೆ ಅಷ್ಟೇ, ತಲೆಗೆ ಏನೂ ಹೋಗಿರಲ್ಲ.

ನಾನು ಹೈಸ್ಕೂಲಲ್ಲಿ ಫಿಸಿಕ್ಸ್ ಹೇಳ್ಕೊಡೋನು. ಚೆನ್ನಾಗಿ ಮಾರ್ಕ್ಸ್ ತೆಗೆಯೋರನ್ನೇ ಕೇಳಿ ನೋಡಿ, ನೇರ ಮೇಲಕ್ಕೆ ಎಸೆದ ಚೆಂಡು ತುತ್ತತುದೀಲಿ ಇದ್ದಾಗ ಅದರ ವೇಗೋತ್ಕರ್ಷ, ಅಂದ್ರೆ ವೇಗ ಬದಲಾಗೋ ದರ, ಎಷ್ಟು ಅಂತ. 'ಸೊನ್ನೆ ಸಾರ್' ಅಂತಾರೆ, ಥಟ್ಟಂತ. ಸೊನ್ನೆ ಆಗೋದು ವೇಗ ಕಣ್ರಪ್ಪಾ, ವೇಗೋತ್ಕರ್ಷ ಅಲ್ಲ, ಚೆಂಡು ಮೇಲೆ ಹೋಗ್ವಾಗ್ಲೂ ತುದೀಲೂ ಕೆಳಗೆ ಬರ್ವಾಗ್ಲೂ ಅದರ ವೇಗ ಒಂದೊಂದು ಸೆಕೆಂಡಲ್ಲೂ ಸೆಕೆಂಡಿಗೆ 9.8 ಮೀಟರಿನಷ್ಟು ಬದಲಾಗ್ತಾನೇ ಇರುತ್ತೆ. ತುದೀಲಿ ವೇಗೋತ್ಕರ್ಷನೂ ಸೊನ್ನೆ ಆಗಿ ಹಾಗೇ ಉಳಿದ್ಬಿಟ್ರೆ ಚೆಂಡು ಅಲ್ಲೇ ನೇತಾಡ್ಕೊಂಡು ಇರ್ಬೇಕಲ್ವಾ, ಕೆಳಗೆ ಬರೋ ದರ್ದು ಅದಕ್ಕೇನು? ಇಷ್ಟು ಕೇಳಿದ್ರೆ ಸಾಕು, ಕ್ಲಾಸಲ್ಲಿ ಎರಡು ಪಾರ್ಟಿ ಆಗಿ ವಾದ ಶುರುವಾಗುತ್ತೆ. ಆಗ್ಲಿ ಬಿಡಿ, ಸೂತ್ರ ಅದಾದ್ಮೇಲೆ ಬೋರ್ಡಿಗೆ ಬರ್ಲಿ.

ಗೆಲಿಲಿಯೋ ಏನ್ಮಾಡಿದ ಅನ್ನೋದನ್ನಾದ್ರೂ ಒಂದು ಕಂತಲ್ಲಿ ಹಾಕಿ. ನೇರ ಬೀಳೋ ವಸ್ತು ಸಿಕ್ಕಾಪಟ್ಟೆ ಫಾಸ್ಟು, ಅಳೆಯೋಕೆ ಆಗಲ್ಲ, ಅದಕ್ಕೇ ಇಳಿಜಾರಿನ ಹಲಗೆ ಮೇಲೆ ಗುಂಡು ಉರುಳಿಸಿದ, ಒಳ್ಳೇ ಗಡಿಯಾರನೂ ಇರ್ಲಿಲ್ಲ ಪುಣ್ಯಾತ್ಮನ ಹತ್ರ, ಪಾತ್ರೆಯಿಂದ ಸಣ್ಣಗೆ ಸೋರಿದ ನೀರನ್ನ ತೂಕ ಹಾಕಿ ಟೈಮ್ ಲೆಕ್ಕ ಹಾಕ್ದ. ಸಮ ಸಮ ಟೈಮಲ್ಲಿ ಗುಂಡು ಹೋಗೋ ದೂರ 1, 3, 5, 7 ಹೀಗೆ ಬೆಳೀತಾ ಹೋಗುತ್ತೆ ಅಂತ 1638ರ ಪುಸ್ತಕದಲ್ಲಿ ಬರೆದ. ಈಗಿನ ಮಕ್ಳು ಮೊಬೈಲಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದು ಇದನ್ನೇ ಕಣ್ಣಾರೆ ನೋಡ್ಬಹುದು.

ಇನ್ನೊಂದು ವಿಷ್ಯ. ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವಾಕರ್ಷಣೆ ಇಲ್ಲ, ಅದಕ್ಕೇ ಗಗನಯಾತ್ರಿಗಳು ತೇಲ್ತಾರೆ ಅಂತ ಕಳೆದ ಕಂತಲ್ಲಿ ಬಂದಿದೆ. ತಪ್ಪು. ಸುಮಾರು 400 ಕಿ.ಮೀ. ಮೇಲೂ ಭೂಮಿ ಎಳೆತ ಇಲ್ಲಿಯ ನೂರಕ್ಕೆ ತೊಂಬತ್ತರಷ್ಟು ಹತ್ತಿರಹತ್ತಿರ ಇದ್ದೇ ಇರುತ್ತೆ. ನಿಲ್ದಾಣನೂ ಒಳಗಿರೋರೂ ಒಟ್ಟಿಗೇ ಬೀಳ್ತಾ ಇದ್ದಾರೆ, ಆದ್ರೆ ಸೆಕೆಂಡಿಗೆ ಏಳೂವರೆ ಕಿ.ಮೀ.ಗಿಂತ ಜಾಸ್ತಿ ಸ್ಪೀಡಲ್ಲಿ ಪಕ್ಕಕ್ಕೂ ಹೋಗ್ತಿರೋದ್ರಿಂದ ನೆಲಕ್ಕೆ ಬಡಿಯಲ್ಲ, ಸುತ್ತುತ್ತಾನೇ ಇರ್ತಾರೆ. ಮುಂದಿನ ಕಂತಲ್ಲಿ ಒಂದು ತಿದ್ದುಪಡಿ ಹಾಕಿ, ಪುಟದ ಮೂಲೇಲಿ ಸಣ್ಣಕ್ಷರದಲ್ಲಿ ಬೇಡ, ಪಾಠದ ಜೊತೆಗೇ ಇರ್ಲಿ, ಮಕ್ಳು ಅದನ್ನ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸ್ಕೋತಾರೆ.

ಇತಿ,
ಒಬ್ಬ ವಿಜ್ಞಾನ ಮೇಷ್ಟ್ರು